ಫಸಲಿ ಸನದಿಂದ ನಯಾ ಪೈಸೆಯವರೆಗೆ

ನಮ್ಮ ಶಾಲೆಯು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ಎರಡನೆಯ ಮಹಾಯುದ್ಧದ ನಂತರದ ದಿನಗಳಲ್ಲಿ ಇಲ್ಲಿ ಅಕ್ಷರ ಕಲಿತವರ ಬಾಲ್ಯವನ್ನು ಬರೆದಿಡಬೇಕೆಂಬ ಅಪೇಕ್ಷೆ ನಮ್ಮಲ್ಲಿ ಹಲವರಿಗಿತ್ತು. ಯುದ್ಧ ಮುಗಿದ 1945ರಿಂದ ನಯಾ ಪೈಸೆ ಚಲಾವಣೆಗೆ ಬಂದ 1957ರವರೆಗಿನ ಹನ್ನೆರಡು ವರ್ಷಗಳಲ್ಲಿ ಈ ಶಾಲೆಯಲ್ಲಿ ಪಾಟಿ ಹಿಡಿದು ಕುಳಿತವರು ಇಂದು ಬೆರಳೆಣಿಕೆಯಷ್ಟೇ ಉಳಿದಿದ್ದೇವೆ. ನಾವು ಒಂದೆಡೆ ಸೇರಿದಾಗಲೆಲ್ಲ 'ಆ ಕಾಲವೇ ಚೆನ್ನಾಗಿತ್ತು, ಎಲ್ಲವೂ ಸರಳವಾಗಿತ್ತು' ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಮೊಮ್ಮಕ್ಕಳು ಕೇಳಿ ನಗುತ್ತಾರೆ. ಆ ಮಾತಿನಲ್ಲಿ ನಿಜವೆಷ್ಟು, ವಯಸ್ಸಿನ ಮೋಹವೆಷ್ಟು ಎಂಬುದನ್ನು ತೂಗಿ ನೋಡುವುದೇ ಈ ಬರಹದ ಉದ್ದೇಶ.

ಇತಿಹಾಸವನ್ನು ನೋಡಿದರೆ ನಮ್ಮ ಸೀಮೆಗೆ ಆ ಹನ್ನೆರಡು ವರ್ಷಗಳಷ್ಟು ತೊಡಕಿನ ಕಾಲ ಮತ್ತೊಂದು ಬಂದದ್ದು ಅಪರೂಪ. ಉಟ್ಕೂರನ್ನು ಬಿಟ್ಟು ಕದಲದೆಯೇ ನಾವು ನಿಜಾಮರ ಪ್ರಜೆಗಳಾಗಿದ್ದವರು ಭಾರತದ ಪ್ರಜೆಗಳಾದೆವು. ಹೈದರಾಬಾದ್ ರಾಜ್ಯದವರಾಗಿದ್ದವರು ಆಂಧ್ರಪ್ರದೇಶದವರಾದೆವು. ಹಾರುವ ಧ್ವಜ, ಕಚೇರಿಯ ಲಿಪಿ, ಕಿಸೆಯ ನಾಣ್ಯ, ವರ್ಷದ ಎಣಿಕೆ, ಇವೆಲ್ಲ ಒಂದೊಂದಾಗಿ ಬದಲಾದವು. ಬದಲಾಗದೆ ಉಳಿದದ್ದು ಪಾಟಿಯ ಮೇಲಿನ ಕನ್ನಡ ಅಕ್ಷರವೊಂದೇ. ಹಾಗಿದ್ದೂ ಆ ಕಾಲ ನಮಗೆ ಸರಳವಾಗಿ ಕಂಡದ್ದೇಕೆ?

ಸೀಮೆ ಮತ್ತು ನುಡಿ

ಭೀಮೆಯು ಕೃಷ್ಣೆಯನ್ನು ಕೂಡುವ ಸಂಗಮ ನಮ್ಮ ಸೀಮೆಯ ಅಂಚಿನಲ್ಲೇ ಇದೆ. ನಾರಾಯಣಪೇಟೆ, ಮಕ್ತಲ, ಗದ್ವಾಲ ಈ ಮೂರೂ ಕಡೆ ಕನ್ನಡ ಮತ್ತು ತೆಲುಗು ಅಕ್ಕಪಕ್ಕದ ಮನೆಗಳಂತೆ ಬಾಳಿಕೊಂಡು ಬಂದಿವೆ. ಇಲ್ಲಿ ಕನ್ನಡವು ನಿನ್ನೆ ಮೊನ್ನೆ ಬಂದು ನೆಲೆಸಿದ ನುಡಿಯಲ್ಲ. ಆಲಂಪುರದ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದವರು ಬಾದಾಮಿಯ ಚಾಲುಕ್ಯರು. ಹರಿದಾಸ ಪರಂಪರೆಯ ಗೋಪಾಲದಾಸರು ನೆಲೆಸಿದ್ದ ಉತ್ತನೂರು ಇಂದು ಗದ್ವಾಲ ಜಿಲ್ಲೆಯಲ್ಲಿದೆ. ನಾರಾಯಣಪೇಟೆಯ ಮತ್ತು ಗದ್ವಾಲದ ಸೀರೆಗಳನ್ನು ನೇಯುವ ಮಗ್ಗದ ಮನೆಗಳಿಗೆ ರಾಯಚೂರು, ಕಲಬುರಗಿ, ಸೊಲ್ಲಾಪುರಗಳ ಪೇಟೆಗಳೊಡನೆ ಹಿಂದಿನಿಂದಲೂ ವ್ಯವಹಾರವಿತ್ತು. 1871ರಲ್ಲಿ ಮುಂಬಯಿ ಕಡೆಯ ಮತ್ತು ಮದರಾಸು ಕಡೆಯ ರೈಲು ದಾರಿಗಳು ರಾಯಚೂರಿನಲ್ಲಿ ಒಂದನ್ನೊಂದು ಕೂಡಿದ ಮೇಲೆ ಸೈದಾಪುರ, ಕೃಷ್ಣಾ ನಿಲ್ದಾಣಗಳು ನಮ್ಮ ಜನರಿಗೆ ಹೊರಲೋಕದ ಬಾಗಿಲುಗಳಾದವು.

ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ತಹಸೀಲು ಕಚೇರಿಯಲ್ಲಿ ಉರ್ದು, ನಂಟರ ಮದುವೆಗೆ ಸೊಲ್ಲಾಪುರಕ್ಕೆ ಹೋದರೆ ಮರಾಠಿ ಎಂಬಂತೆ ನಮ್ಮ ಹಿರಿಯರ ನಾಲಿಗೆ ನಾಲ್ಕು ನುಡಿಗಳಲ್ಲಿ ಆಡುತ್ತಿತ್ತು. ಓದು ಬಾರದ ಅವ್ವಂದಿರು ಸಹ ಬಳೆಗಾರನೊಡನೆ ಒಂದು ಭಾಷೆ, ಗಾಣಿಗನೊಡನೆ ಇನ್ನೊಂದು ಭಾಷೆ ಆಡುತ್ತಿದ್ದರು. ಹಾಜರಿ, ಅರ್ಜಿ, ದಫ್ತರ ಮೊದಲಾದ ಮಾತುಗಳು ಅರಬ್ಬಿ, ಪಾರಸಿಗಳಿಂದ ಬಂದವೆಂಬುದು ನಮಗೆ ಬಹಳ ಕಾಲ ತಿಳಿದೇ ಇರಲಿಲ್ಲ. ಅವು ಕನ್ನಡವೇ ಎಂದು ನಂಬಿದ್ದೆವು. ಹೀಗಿದ್ದರೂ ಬರೆಯಲು ಓದಲು ಕಲಿಯುವ ಮೊದಲ ನುಡಿ ಮನೆಯ ನುಡಿಯೇ ಆಗಿರಬೇಕೆಂದು ಊರಿನ ಹಿರಿಯರು ಬಯಸಿದರು. ನಮ್ಮ ಶಾಲೆಯ ಹುಟ್ಟಿಗೆ ಆ ಬಯಕೆಯೇ ಮೂಲ.

ಆ ಬಯಕೆ ಇಂದು ಕೇಳಲು ಸಾಮಾನ್ಯವೆನಿಸಬಹುದು. ಆಗ ಹಾಗಿರಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲೇ ಉನ್ನತ ಶಿಕ್ಷಣ ನೀಡತೊಡಗಿತು. ದೇಶಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ, ಕಾನೂನುಗಳನ್ನು ಕಲಿಸಬಹುದೆಂದು ತೋರಿಸಿದ್ದು ದೊಡ್ಡ ಸಾಧನೆಯೇ ಸರಿ. ಆದರೆ ಕನ್ನಡ, ತೆಲುಗು, ಮರಾಠಿ ಮನೆಗಳ ಮಕ್ಕಳಿಗೆ ಆ ಮೆಟ್ಟಿಲು ಏರುವ ಮೊದಲು ಮನೆಯ ನುಡಿಯನ್ನು ಕೆಳಗಿಟ್ಟು ಹೋಗಬೇಕಾಗುತ್ತಿತ್ತು. ಕೆಳಗಿನ ತರಗತಿಗಳಲ್ಲಿ ಕನ್ನಡ, ಮೇಲೆ ಹೋದಂತೆ ಉರ್ದು ಎಂಬುದು ಅಂದಿನ ಕ್ರಮ. ಊರವರು ತಾವೇ ನಡೆಸುತ್ತಿದ್ದ ಖಾಸಗಿ ಶಾಲೆಗಳನ್ನು 'ಖಾನಗಿ' ಶಾಲೆಗಳೆನ್ನುತ್ತಿದ್ದರು. ಅವುಗಳಿಗೆ ಸರಕಾರದ ಅನುಮತಿ ಬೇಕಾಗುತ್ತಿತ್ತು. ಮಠದ ಪಡಸಾಲೆಯಲ್ಲೋ ಗುಡಿಯ ಪೌಳಿಯಲ್ಲೋ ನಡೆಯುತ್ತಿದ್ದ ಐಗಳ ಶಾಲೆಗಳೇ ಅನೇಕ ಊರುಗಳಲ್ಲಿ ಕನ್ನಡದ ಮೊದಲ ಆಸರೆಯಾಗಿದ್ದವು.

ಕಂಟ್ರೋಲು, ಲೆವಿ, ಹಾಲಿ ಸಿಕ್ಕಾ

ಯುದ್ಧ ನಡೆದದ್ದು ದೂರದ ಬರ್ಮಾದಲ್ಲಿ, ಯುರೋಪಿನಲ್ಲಿ. ಗುಂಡಿನ ಸದ್ದು ನಮ್ಮೂರಿಗೆ ಕೇಳಿಸಲಿಲ್ಲ. ಯುದ್ಧದ ಬಿಸಿ ಮಾತ್ರ ಒಲೆಯವರೆಗೂ ಬಂದು ಮುಟ್ಟಿತು. ಬಟ್ಟೆ, ಸಕ್ಕರೆ, ಸೀಮೆಎಣ್ಣೆ ಎಲ್ಲವೂ 'ಕಂಟ್ರೋಲು' ಆದವು. ರೈತರು ಬೆಳೆದ ಧಾನ್ಯದಲ್ಲಿ ಇಂತಿಷ್ಟನ್ನು ಸರಕಾರಕ್ಕೆ ಲೆವಿಯಾಗಿ ಅಳೆಯಬೇಕಾಗಿತ್ತು. ಯುದ್ಧ ಮುಗಿದರೂ ಕಂಟ್ರೋಲು ಕೂಡಲೇ ಮುಗಿಯಲಿಲ್ಲ. ಹಬ್ಬಕ್ಕೆ ಹೊಸ ಅಂಗಿ ಎಂಬುದು ಎಲ್ಲ ಮನೆಗಳಲ್ಲೂ ವರ್ಷವರ್ಷವೂ ನಡೆಯುವ ಮಾತಾಗಿರಲಿಲ್ಲ. ಅಣ್ಣನಿಗೆ ಗಿಡ್ಡವಾದ ಅಂಗಿ ತಮ್ಮನಿಗೆ ಬರುತ್ತಿತ್ತು. ತಮ್ಮನ ಮೈಮೇಲೆ ಹರಿದ ಮೇಲೆ ಅದು ಕೌದಿಯ ಒಳಗೆ ಸೇರುತ್ತಿತ್ತು. ಇಂದು ನಮ್ಮ ಮನೆಗಳಲ್ಲಿ ಉಳಿದಿರುವ ಹಳೆಯ ಕೌದಿಗಳನ್ನು ಬಿಡಿಸಿ ನೋಡಿದರೆ ಒಂದು ಕುಟುಂಬದ ಹತ್ತಾರು ವರ್ಷಗಳ ಚರಿತ್ರೆ ಅಲ್ಲಿಯೇ ಸಿಕ್ಕೀತು.

ನಮ್ಮ ಕೈಯಲ್ಲಿ ಆಡುತ್ತಿದ್ದ ಹಣ ಹಾಲಿ ಸಿಕ್ಕಾ. ಚಾರ್‌ಮಿನಾರಿನ ಚಿತ್ರವಿದ್ದ ನಿಜಾಮರ ನಾಣ್ಯ ಅದು. ಬ್ರಿಟಿಷ್ ಇಂಡಿಯಾದ ರೂಪಾಯಿಯನ್ನು ಕಲ್ದಾರ ಎನ್ನುತ್ತಿದ್ದರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ರೂಪಾಯಿ ಎಂಬುದು ವಿನಿಮಯದ ಲೆಕ್ಕ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಸೊಲ್ಲಾಪುರಕ್ಕೋ ಬಳ್ಳಾರಿಗೋ ಹೋಗಿ ಬರುವವರಿದ್ದ ಮನೆಗಳಲ್ಲಿ ಮಕ್ಕಳಿಗೆ ಈ ಏಳು-ಆರರ ಲೆಕ್ಕ ಬಾಯಿಪಾಠವಾಗಿರಬೇಕಿತ್ತು. 'ಎಪ್ಪತ್ತು ಹಾಲಿಗೆ ಎಷ್ಟು ಕಲ್ದಾರ?' ಎಂದು ಮಾಸ್ತರರು ಕೇಳಿದರೆ 'ಅರವತ್ತು' ಎಂದು ಒಕ್ಕೊರಲಿನಿಂದ ಕೂಗುತ್ತಿದ್ದೆವು. 'ನೂರು ಹಾಲಿಗೆ?' ಎಂದರೆ ತರಗತಿ ಮೌನವಾಗುತ್ತಿತ್ತು. ಭಿನ್ನರಾಶಿಯ ಪಾಠ ನಮಗೆ ಹೀಗೆ ಸಂತೆಯ ಬೀದಿಯಿಂದಲೇ ಆರಂಭವಾಯಿತು.

ದಾಖಲೆ ಪುಸ್ತಕ ಮತ್ತು ಪಾಟಿ

ಆ ಕಾಲದ ಶಾಲಾ ದಾಖಲಾತಿಗಳಲ್ಲಿ ಹುಟ್ಟಿದ ದಿನವನ್ನು ಬರೆಯುತ್ತಿದ್ದುದು ಫಸಲಿ ಸನದಲ್ಲಿ. ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ಆರಂಭವಾಗುತ್ತಿತ್ತು. ಆಜೂರ್, ದೈ, ಬಹಮನ್, ಇಸ್ಫಂದಾರ್ ಎಂದು ಪಾರಸಿ ಹೆಸರಿನ ತಿಂಗಳುಗಳು. ಸ್ಥೂಲವಾಗಿ ಫಸಲಿ ಸನಕ್ಕೆ 590 ಕೂಡಿಸಿದರೆ ಕ್ರಿಸ್ತಶಕದ ವರ್ಷ ಸಿಗುತ್ತದೆ. ಭಾರತ ಸ್ವತಂತ್ರವಾದ 1947ರ ಆಗಸ್ಟ್ ತಿಂಗಳು ನಮ್ಮ ಲೆಕ್ಕದಲ್ಲಿ 1356 ಫಸಲಿ. ಆದರೆ ಮನೆಯಲ್ಲಿ ಯಾರೂ ಈ ಸನವನ್ನೂ ನೆನಪಿಡುತ್ತಿರಲಿಲ್ಲ. 'ಬರ ಬಿದ್ದ ವರ್ಷ ಕಾರಹುಣ್ಣಿವೆಯ ಹಿಂದಿನ ಸೋಮವಾರ ಹುಟ್ಟಿದ ಕೂಸು' ಎಂದು ಅವ್ವ ಹೇಳುತ್ತಿದ್ದಳು. ಮಾಸ್ತರರು ಮುಖ ನೋಡಿ, ಹಲ್ಲು ನೋಡಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡ ಕಿವಿ ಮುಟ್ಟಿಸಿ ನೋಡಿ ಒಂದು ತಾರೀಖನ್ನು ನಿಶ್ಚಯಿಸುತ್ತಿದ್ದರು. ಮುಂದೆ ಫಸಲಿಯನ್ನು ಕ್ರಿಸ್ತಶಕಕ್ಕೆ ತಿರುಗಿಸುವಾಗ ಎಷ್ಟೋ ಜನರ ಹುಟ್ಟುಹಬ್ಬ ಜೂನ್ ಇಲ್ಲವೆ ಜುಲೈ ತಿಂಗಳ ಒಂದನೆಯ ತಾರೀಖಿಗೆ ಬಂದು ನಿಂತಿತು. ನಮ್ಮ ಪೀಳಿಗೆಯವರು ಸರಕಾರಿ ನೌಕರಿಯಿಂದ ನಿವೃತ್ತರಾದದ್ದು ಮಾಸ್ತರರು ಕೊಟ್ಟ ಹುಟ್ಟುದಿನದ ಲೆಕ್ಕದಲ್ಲಿಯೇ.

ಶಾಲೆಯೆಂದರೆ ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ, ಅಂಗಳದಲ್ಲಿ ಬೇವಿನ ಮರ. ಕೂರಲು ಮನೆಯಿಂದ ತಂದ ಗೋಣಿತಟ್ಟು. ಕಲ್ಲಿನ ಪಾಟಿಗೆ ಮರದ ಚೌಕಟ್ಟು. ಒಡೆದರೆ ಹೊಸದು ಬರಲು ಮುಂದಿನ ಸುಗ್ಗಿ ಕಾಯಬೇಕು. ಆದ್ದರಿಂದ ಒಡೆದ ಚೂರಿನ ಮೇಲೆಯೇ ಎಷ್ಟೋ ಮಕ್ಕಳು ವರ್ಷಗಟ್ಟಲೆ ಬರೆದರು. ಬಳಪ ಗಿಡ್ಡವಾದಾಗ ಜೋಳದ ದಂಟಿನ ಕೊಳವೆಗೆ ಸಿಕ್ಕಿಸಿ ಕೊನೆಯ ಚೂರಿನವರೆಗೂ ಬಳಸುತ್ತಿದ್ದೆವು. ಮೇಲಿನ ತರಗತಿಗೆ ಹೋದರೆ ಮಸಿಕುಡಿಕೆ ಮತ್ತು ಟಾಕು. ಸಂಜೆ ಎಲ್ಲರೂ ಸಾಲಾಗಿ ನಿಂತು ಮಗ್ಗಿ ಹೇಳುವುದು ನಿಯಮ. ಒಂದು, ಎರಡರ ಮಗ್ಗಿಯಷ್ಟೇ ಅಲ್ಲ. ಕಾಲು, ಅರೆ, ಮುಕ್ಕಾಲು, ಒಂದೂಕಾಲರ ಮಗ್ಗಿಗಳೂ ಬರಬೇಕು. ಪಾವು, ಸೇರು, ಮಣಗಳಲ್ಲಿ ವ್ಯವಹಾರ ನಡೆಯುತ್ತಿದ್ದ ಕಾಲಕ್ಕೆ ಅದು ಹೊಟ್ಟೆಪಾಡಿನ ವಿದ್ಯೆ. ಬಡ್ಡಿ ಲೆಕ್ಕದಲ್ಲಿ ಮೋಸ ಹೋಗದಿರಲಿ ಎಂಬ ಒಂದೇ ಕಾರಣಕ್ಕೆ ಮಕ್ಕಳನ್ನು ಶಾಲೆಗೆ ಕಳುಹಿಸಿದ ತಂದೆಗಳು ನಮ್ಮಲ್ಲಿ ಬಹಳ ಇದ್ದರು.

ಮಾಸ್ತರರಿಗೆ ಸಿಗುತ್ತಿದ್ದ ಸಂಬಳ ಸ್ವಲ್ಪ. ಸಂಕ್ರಾಂತಿಗೆ, ಸುಗ್ಗಿಗೆ ಮನೆಮನೆಯಿಂದ ಜೋಳ, ಬೇಳೆ, ಶೇಂಗಾ ಹೋಗುತ್ತಿತ್ತು. ಅವರ ಕೈಯ ಬೆತ್ತವನ್ನು ನಾವು ಮರೆತಿಲ್ಲ. ಅದನ್ನು ಹೊಗಳುವುದೂ ಇಲ್ಲ. ಬೆತ್ತಕ್ಕೆ ಹೆದರಿ ಶಾಲೆ ಬಿಟ್ಟು ದನ ಕಾಯಲು ಹೋದ ಗೆಳೆಯರಿದ್ದರು. ಅವರಲ್ಲಿ ಕೆಲವರು ನಮಗಿಂತ ಬುದ್ಧಿವಂತರಾಗಿದ್ದರು. ಆದರೆ ರಾತ್ರಿ ಕಂದೀಲು ಹಿಡಿದು ಮನೆಗೆ ಬಂದು 'ಹುಡುಗ ಯಾಕೆ ಬರಲಿಲ್ಲ?' ಎಂದು ವಿಚಾರಿಸುತ್ತಿದ್ದವರೂ ಅದೇ ಮಾಸ್ತರರೇ.

ಅಂಗಳ, ಬುತ್ತಿ, ಹಬ್ಬ

ಆಟಕ್ಕೆ ಖರ್ಚಿರಲಿಲ್ಲ. ಚಿಣಿ-ದಾಂಡಿಗೆ ಬೇಲಿಯ ಜಾಲಿಕಟ್ಟಿಗೆ, ಲಗೋರಿಗೆ ಹೆಂಚಿನ ಚೂರು, ಅಣ್ಣೆಕಲ್ಲಿಗೆ ಹಳ್ಳದ ಹರಳು, ಚೌಕಾಬಾರಕ್ಕೆ ಹುಣಸೆಬೀಜ. ಬುಗುರಿ ಮಾತ್ರ ಬಡಿಗೇರ ಕಾಕಾನ ಕೃಪೆಯಿಂದ ಸಿಗಬೇಕು. ಅವರ ಮನೆಗೆ ನಾಲ್ಕು ದಿನ ನೀರು ಸೇದಿ ಕೊಟ್ಟರೆ ಒಂದು ಬುಗುರಿ. ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಚಳಿಗಾಲದಲ್ಲಿ ಸಜ್ಜೆರೊಟ್ಟಿ. ಅಕ್ಕಿಯ ಅನ್ನ ಹಬ್ಬಕ್ಕೆ, ಜ್ವರ ಬಂದವರಿಗೆ ಮತ್ತು ಬೀಗರಿಗೆ. ಆದ್ದರಿಂದ ಜ್ವರ ಬಂದವರನ್ನು ಕಂಡು ಹೊಟ್ಟೆಕಿಚ್ಚು ಪಡುವ ಮಕ್ಕಳೂ ಇದ್ದರೆಂದರೆ ಇಂದಿನವರು ನಂಬಲಿಕ್ಕಿಲ್ಲ.

ಯುಗಾದಿ, ನಾಗರಪಂಚಮಿ, ಕಾರಹುಣ್ಣಿವೆ, ದಸರೆಗಳ ಜೊತೆಗೆ ಊರೆಲ್ಲ ಸೇರಿ ಆಚರಿಸುತ್ತಿದ್ದ ಹಬ್ಬ ಮೊಹರಂ. ಪೀರಲ ದೇವರುಗಳಿಗೆ ಹರಕೆ ಹೊತ್ತವರಲ್ಲಿ ಎಲ್ಲ ಜಾತಿಯವರೂ ಇರುತ್ತಿದ್ದರು. ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುವಾಗ ರಿವಾಯತ್ ಪದಗಳನ್ನು ಕನ್ನಡದಲ್ಲಿಯೇ ಹಾಡುತ್ತಿದ್ದರು. ಕರ್ಬಲಾದ ಕಥೆಯನ್ನು ನಾವು ಮೊದಲು ಕೇಳಿದ್ದು ಆ ಪದಗಳಲ್ಲಿ. ನಮ್ಮ ತರಗತಿಯ ಮುಸಲ್ಮಾನ ಗೆಳೆಯರು ಮನೆಯಲ್ಲಿ ದಖನಿ ಉರ್ದು ಆಡಿದರೂ ಶಾಲೆಯಲ್ಲಿ ಕನ್ನಡ ವಾಚನವನ್ನು ನಮ್ಮಷ್ಟೇ ಸ್ಪಷ್ಟವಾಗಿ ಓದುತ್ತಿದ್ದರು.

ಎರಡು ಸೆಪ್ಟೆಂಬರುಗಳ ನಡುವೆ

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು; ನಮ್ಮ ಸಂಸ್ಥಾನಕ್ಕೆ ಬರಲಿಲ್ಲ. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಅದೇ ತಿಂಗಳ 7ರಿಂದ, ಭಾರತದ ಒಕ್ಕೂಟ ಸೇರಬೇಕೆಂದು ಸತ್ಯಾಗ್ರಹ ಆರಂಭಿಸಿತ್ತು. ತ್ರಿವರ್ಣ ಧ್ವಜ ಹಾರಿಸಿದವರು ಸೆರೆಮನೆ ಸೇರಿದರು. ಮುಂದಿನ ಒಂದು ವರ್ಷ ರಜಾಕಾರರ ಹಾವಳಿಯ ಕಾಲ. ಸಂಜೆಯಾದೊಡನೆ ಬಾಗಿಲು ಹಾಕುತ್ತಿದ್ದರು. ಅನೇಕ ಕುಟುಂಬಗಳು ದವಸ, ಬಂಗಾರವನ್ನು ನೆಲದಲ್ಲಿ ಹೂತಿಟ್ಟು ಗಡಿಯಾಚೆ ಬಳ್ಳಾರಿ, ಸೊಲ್ಲಾಪುರ, ಕರ್ನೂಲು ಕಡೆಗೆ ಹೋಗಿ ಉಳಿದವು. ತರಗತಿಯಲ್ಲಿ ಖಾಲಿಯಾದ ಜಾಗಗಳನ್ನು ನೋಡಿ ನಾವು ಯಾರು ಎಲ್ಲಿಗೆ ಹೋದರೆಂದು ಕೇಳುತ್ತಿರಲಿಲ್ಲ. ಕೇಳಬಾರದೆಂದು ಮನೆಯಲ್ಲಿ ಹೇಳಿದ್ದರು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಹೋರಾಟ ನಿಲ್ಲಿಸಿದರು. ಐದೇ ದಿನಗಳಲ್ಲಿ ಎರಡು ಶತಮಾನಗಳ ಆಳ್ವಿಕೆ ಕೊನೆಗೊಂಡಿತು. ಶಾಲೆಗೆ ಮರಳಿದಾಗ ಧ್ವಜ ಬೇರೆಯಾಗಿತ್ತು, ಪ್ರಾರ್ಥನೆ ಬೇರೆಯಾಗಿತ್ತು. ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ. ಆದರೆ ಇತಿಹಾಸ ಬರೆಯಲು ಕುಳಿತವರು ಅರ್ಧವನ್ನಷ್ಟೇ ಬರೆಯಬಾರದು. ಕಾರ್ಯಾಚರಣೆಯ ನಂತರದ ವಾರಗಳಲ್ಲಿ ಗುಲಬರ್ಗಾ, ಬೀದರ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನ ಕುಟುಂಬಗಳ ಮೇಲೆ ಘೋರವಾದ ಹಲ್ಲೆಗಳು ನಡೆದವು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಅದನ್ನು ದಾಖಲಿಸಿತು. ಹಿಂದಿನ ವರ್ಷ ಒಂದು ಮನೆಯವರು ಹೆದರಿದ್ದರೆ ಈ ವರ್ಷ ಇನ್ನೊಂದು ಮನೆಯವರು ಹೆದರಿದರು. ಇಂಥ ದಿನಗಳಲ್ಲಿ ಶಾಲೆ ಮತ್ತೆ ತೆರೆದು, ಎಲ್ಲ ಮನೆಗಳ ಮಕ್ಕಳು ಒಂದೇ ಗೋಣಿತಟ್ಟಿನ ಮೇಲೆ ಕುಳಿತು 'ಅರಸ, ಆಡು' ಎಂದು ಓದಿದರೆ ಅದು ಚಿಕ್ಕ ಸಂಗತಿಯಲ್ಲ. ಊರು ತನ್ನನ್ನು ತಾನೇ ಮತ್ತೆ ಹೊಲಿದುಕೊಂಡದ್ದು ಶಾಲೆಯ ಅಂಗಳದಿಂದಲೇ ಎಂದು ನಾವು ನಂಬಿದ್ದೇವೆ.

ಬದಲಾದ ನಾಣ್ಯ, ಬದಲಾದ ಗಡಿ

ಆ ಬಳಿಕ ಬದಲಾವಣೆಗಳು ಮಳೆಗಾಲದ ಹಳ್ಳದಂತೆ ಬಂದವು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು, ನಿಜಾಮರು ರಾಜಪ್ರಮುಖರೆನಿಸಿದರು. ಅದೇ ವರ್ಷದ ಏಪ್ರಿಲ್ 1ರಿಂದ ಸಂಸ್ಥಾನದ ಅಂಚೆ, ರೈಲು, ಬಾನುಲಿ ಕೇಂದ್ರಗಳು ಭಾರತ ಸರಕಾರದ ಕೈಗೆ ಹೋದವು. ನಿಜಾಮರ ಸ್ಟಾಂಪು ಹಚ್ಚಿದ ಲಕೋಟೆಗಳನ್ನು ಕೂಡಿಡುವುದು ನಮಗೊಂದು ಹವ್ಯಾಸವಾಯಿತು. 1952ರಲ್ಲಿ ವಯಸ್ಕರೆಲ್ಲರ ಮತದಿಂದ ಆರಿಸಿದ ಮೊದಲ ಸರಕಾರ ಬೂರ್ಗುಲ ರಾಮಕೃಷ್ಣರಾಯರ ನಾಯಕತ್ವದಲ್ಲಿ ಬಂತು. ಹೆಬ್ಬೆಟ್ಟಿನ ನಮ್ಮ ಅವ್ವಂದಿರು ತೊಟ್ಟಿಲ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಸಾಲಿನಲ್ಲಿ ನಿಂತು ಮತ ಹಾಕಿದರು. ಊರಿನ ಪಟೇಲರಿಗೂ ಒಂದೇ ಓಟು, ತಮಗೂ ಒಂದೇ ಓಟು ಎಂಬುದು ಅವರಿಗೆ ಬಹುಕಾಲ ಬೆರಗಿನ ವಿಷಯವಾಗಿತ್ತು.

ಪ್ರೌಢಶಾಲೆಗಳಲ್ಲಿ ಉರ್ದು ಮಾಧ್ಯಮ ಹಿಂದೆ ಸರಿದು ಪ್ರದೇಶದ ಭಾಷೆಗಳು ಬಂದವು. ನಮಗಿಂತ ಮೂರು ನಾಲ್ಕು ವರ್ಷ ಹಿರಿಯರು ಇತಿಹಾಸವನ್ನು ಉರ್ದುವಿನಲ್ಲಿ ಬರೆದಿದ್ದರು. ನಾವು ಅದನ್ನೇ ಕನ್ನಡದಲ್ಲಿ ಬರೆದೆವು. ಒಂದೇ ಮನೆಯ ಅಣ್ಣನ ನೋಟುಬುಕ್ಕನ್ನು ತಮ್ಮ ಓದಲಾಗದ ಸ್ಥಿತಿ ಅದು. ಹಾಲಿ ಸಿಕ್ಕಾ ನಿಧಾನವಾಗಿ ಹಿಂದೆ ಸರಿಯಿತು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆಗಳಾದವು. ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಎಂಬ ಪಟ್ಟಿಯನ್ನು ಅಂಗಡಿಗಳಲ್ಲಿ ತೂಗುಹಾಕಿದರು. ಒಂದೊಂದಾಣೆಯ ಸಾಮಾನನ್ನು ನಾಲ್ಕು ಸಲ ಕೊಂಡರೆ ಇಪ್ಪತ್ತನಾಲ್ಕು, ಒಟ್ಟಿಗೆ ಕೊಂಡರೆ ಇಪ್ಪತ್ತೈದು. ಈ ಒಂದು ಪೈಸೆಯ ಲಾಭವನ್ನು ಮೊದಲು ಕಂಡುಹಿಡಿದವರು ಶಾಲೆಯ ಮಕ್ಕಳೇ ಇರಬೇಕು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ 1956ರ ನವೆಂಬರ್ 1ರದು. ಫಜಲ್ ಅಲಿ ಆಯೋಗದ ವರದಿಯ ನಂತರ ಭಾಷಾವಾರು ಪ್ರಾಂತಗಳಾಗಿ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ರಾಯಚೂರು, ಗುಲಬರ್ಗಾ, ಬೀದರಗಳ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರಗಳು ಮತ್ತು ಗುಲಬರ್ಗಾ ಜಿಲ್ಲೆಯಲ್ಲಿದ್ದ ಕೊಡಂಗಲ್ಲು ಮಹಬೂಬನಗರ ಜಿಲ್ಲೆಗೆ ಬಂದವು. ಮಕ್ತಲ, ನಾರಾಯಣಪೇಟೆಗಳು ಹಿಂದಿನಂತೆ ಮಹಬೂಬನಗರದಲ್ಲಿಯೇ ಉಳಿದು ಆಂಧ್ರಪ್ರದೇಶದ ಭಾಗವಾದವು. ಮೈಸೂರು ಸೇರಿದ ಕನ್ನಡಿಗರಿಗೆ ಅದು ಏಕೀಕರಣದ ಹಬ್ಬ. ಆ ಹಬ್ಬದಲ್ಲಿ ನಾವೂ ಸಂತೋಷಪಟ್ಟೆವು. ಆದರೆ ಮದುವೆ ಮನೆಯಲ್ಲಿ ಬಾಗಿಲ ಹೊರಗೆ ನಿಂತ ನಂಟರಂತೆ. ರಾಯಚೂರಿನ ಸಂತೆ ಅಲ್ಲಿಯೇ ಇತ್ತು, ನಂಟಸ್ತಿಕೆ ಹಾಗೆಯೇ ಇತ್ತು. ನಡುವೆ ಒಂದು ಗೆರೆ ಬಂದಿತ್ತು. ತೆಲುಗು ನೆರೆಯವರು ನಮ್ಮನ್ನು ಪರಕೀಯರೆಂದು ಕಂಡದ್ದಿಲ್ಲ. ಕಚೇರಿಗಳಲ್ಲಿ ಉರ್ದುವಿನ ಜಾಗಕ್ಕೆ ಕ್ರಮೇಣ ತೆಲುಗು ಬಂದಿತು. ಆಗಲೂ ನಮ್ಮ ಶಾಲೆ ಕನ್ನಡದಲ್ಲೇ ನಡೆಯಿತು. ಮುಂದೆ 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಫಲಕಗಳು ಬದಲಾದವು, ಶಾಲೆಯ ಬಾಗಿಲು ಅದೇ ಉಳಿಯಿತು.

ಸರಳತೆ ಮುಚ್ಚಿದ್ದ ಸಂಗತಿಗಳು

ಇನ್ನು ಆ ಬಾಲ್ಯದ ಇನ್ನೊಂದು ಮುಖ. ಮೆಟ್ಟಿಲಬಾವಿಗೆ ಇಳಿದು, ಮೊಣಕಾಲು ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದ ದೃಶ್ಯವನ್ನು ನಾವು ಚಿತ್ರದಂತೆ ಬಣ್ಣಿಸುತ್ತೇವೆ. ನಾರುಹುಣ್ಣು ಬರುತ್ತಿದ್ದುದು ಅದೇ ಬಾವಿಯಿಂದ. ನೀರಿನೊಳಗಿನ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಯ ಮೂಲಕ ಹೊಟ್ಟೆ ಸೇರಿದ ಹುಳು ಸುಮಾರು ಒಂದು ವರ್ಷದ ನಂತರ ಕಾಲಿನಿಂದ ದಾರದಂತೆ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದರು. ಹರಿದರೆ ಕಾಲು ಬಾತು ಮಗು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಿತ್ತು. ಸಿಡುಬು ಬಂದರೆ ಅಮ್ಮ ಬಂದಳೆಂದು ಬೇವಿನ ಸೊಪ್ಪು ಕಟ್ಟುತ್ತಿದ್ದರು. ದೇಶದಲ್ಲಿ ಸಿಡುಬು ಕೊನೆಗೊಂಡದ್ದು 1975ರಲ್ಲಿ; ನಾರುಹುಣ್ಣಿನ ಕೊನೆಯ ಪ್ರಕರಣ 1996ರಲ್ಲಿ. ಕೊಳವೆಬಾವಿಯನ್ನೂ ಲಸಿಕೆಯನ್ನೂ ಆಧುನಿಕ ಕಾಲದ ಉಪದ್ರವಗಳೆಂದು ಜರೆಯುವ ಹಕ್ಕು ನಮಗಿಲ್ಲ.

ಹೆಣ್ಣುಮಕ್ಕಳು ಮೂರನೆಯ, ನಾಲ್ಕನೆಯ ತರಗತಿಗೆ ಬರುವಷ್ಟರಲ್ಲಿ ತಮ್ಮನನ್ನು ಆಡಿಸಲು ಮನೆಯಲ್ಲಿ ಉಳಿಯುತ್ತಿದ್ದರು. ಮಗ್ಗಿಯಲ್ಲಿ ನಮ್ಮನ್ನು ಸೋಲಿಸುತ್ತಿದ್ದ ಅಕ್ಕ ತಂಗಿಯರು ಹದಿನಾಲ್ಕಕ್ಕೆ ಮದುವೆಯಾಗಿ ಹೋದರು. ದಲಿತ ಕೇರಿಯ ಮಕ್ಕಳು ಶಾಲೆಗೆ ಬಂದರೆ ದೂರ ಕೂರಬೇಕೆಂಬ ಕಟ್ಟುಪಾಡು ಆ ಕಾಲದ ಅನೇಕ ಊರುಗಳಲ್ಲಿತ್ತು. ಬಾವಿಯಲ್ಲಿ ನೀರು ಕುಡಿಯುವಂತಿರಲಿಲ್ಲ. ಅಸ್ಪೃಶ್ಯತೆಯನ್ನು ಅಪರಾಧವೆಂದು ಶಿಕ್ಷಿಸುವ ಕಾಯಿದೆ ಬಂದದ್ದು 1955ರಲ್ಲಿ. ಅದು ಅಂಗಳಕ್ಕೆ ಇಳಿಯಲು ಇನ್ನೂ ಬಹಳ ಕಾಲ ಬೇಕಾಯಿತು. ಮಳೆ ಕೈಕೊಟ್ಟ ವರ್ಷ ಇಡೀ ಕುಟುಂಬಗಳು ಬಾಗಿಲಿಗೆ ಮುಳ್ಳು ಹಚ್ಚಿ ದುಡಿಯಲು ಹೋಗುತ್ತಿದ್ದವು. ದೇಶದ ದೊಡ್ಡ ಅಣೆಕಟ್ಟುಗಳಿಗೆ ಮಣ್ಣು ಹೊತ್ತವರಲ್ಲಿ ಪಾಲಮೂರು ಕೂಲಿಕಾರರೆಂದು ಹೆಸರಾದ ನಮ್ಮ ಜಿಲ್ಲೆಯವರು ಅಸಂಖ್ಯ. ಅವರ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಕೆಲವು ತಿಂಗಳಿದ್ದು ಮಾಯವಾಗುತ್ತಿತ್ತು. ಈ ಮಕ್ಕಳಾರೂ ಆ ಕಾಲವನ್ನು ಸರಳವೆಂದು ನೆನೆಯಲಾರರು.

ಹಾಗಾದರೆ ನಮಗೆ ಸರಳವಾಗಿ ಕಂಡದ್ದು ಯಾವುದು? ಬಡತನವಂತೂ ಅಲ್ಲ. ಅಷ್ಟೆಲ್ಲ ಬದಲಾವಣೆಗಳ ಬಿರುಗಾಳಿಯಲ್ಲಿ ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಲೋಕವನ್ನು ವಿವರಿಸಿ ಹೇಳುವ ಒಂದು ಜಾಗವಿತ್ತು. ಹಾಲಿಯನ್ನು ಕಲ್ದಾರಕ್ಕೆ, ಫಸಲಿಯನ್ನು ಕ್ರಿಸ್ತಶಕಕ್ಕೆ, ಆಣೆಯನ್ನು ಪೈಸೆಗೆ ತಿರುಗಿಸಿಕೊಳ್ಳಲು ಅಲ್ಲಿ ಕಲಿತೆವು. ಮನೆಯ ನುಡಿ ಗಟ್ಟಿಯಾಗಿದ್ದುದರಿಂದ ತೆಲುಗು, ಹಿಂದಿ, ಇಂಗ್ಲಿಷುಗಳು ನಮ್ಮನ್ನು ಹೆದರಿಸಲಿಲ್ಲ. ಒಂದೊಂದಾಗಿ ಬಂದು ಪಕ್ಕದಲ್ಲಿ ಕುಳಿತವು. ತೊಡಕಿನ ಕಾಲವನ್ನು ಶಾಲೆ ನಮಗಾಗಿ ಸರಳಗೊಳಿಸಿತು. ನಾವು ನೆನೆಯುವ ಸರಳತೆ ಆ ಕಾಲದ ಗುಣವಲ್ಲ, ಈ ಶಾಲೆಯ ಕೊಡುಗೆ.

ಹತ್ತು ಮಕ್ಕಳ ಲೆಕ್ಕ

ಕೊನೆಯದಾಗಿ ಒಂದು ಲೆಕ್ಕ. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ 'ಸಮ್ಮೇಳನವು, ಶಾಲೆಯೊಂದರಲ್ಲಿ ನಲವತ್ತು ಅಥವಾ ತರಗತಿಯೊಂದರಲ್ಲಿ ಹತ್ತು ಮಕ್ಕಳು ಒಂದು ಮಾತೃಭಾಷೆಯವರಿದ್ದರೆ ಅವರಿಗೆ ಆ ಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕೆಂದು ನಿರ್ಣಯಿಸಿತು. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ, ಗೆರೆಯ ಆಚೆ ಈಚೆ ಉಳಿದ ನಮ್ಮಂಥವರಿಗಾಗಿಯೇ ಸಂವಿಧಾನದ ಏಳನೆಯ ತಿದ್ದುಪಡಿಯಲ್ಲಿ 350ಎ ವಿಧಿಯನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಹಕ್ಕು ಕಾಗದದ ಮೇಲಿದೆ. ಅದಕ್ಕೆ ಜೀವ ಬರುವುದು ಆ ಹತ್ತು ಮಕ್ಕಳಿಂದ. ಹನ್ನೊಂದನೆಯ ಮಗುವನ್ನು ಬೇರೆ ಶಾಲೆಗೆ ಕಳುಹಿಸಿದರೆ ಏನೂ ಆಗದು ಎಂದು ಒಬ್ಬ ತಂದೆ ಎಣಿಸಬಹುದು. ಮುಂದಿನ ವರ್ಷ ಇನ್ನೊಬ್ಬರು ಹಾಗೆಯೇ ಎಣಿಸುತ್ತಾರೆ. ಒಂದು ದಿನ ತರಗತಿಯಲ್ಲಿ ಒಂಬತ್ತು ಮಕ್ಕಳಿರುತ್ತಾರೆ.

ಪೋಷಕರ ಚಿಂತೆ ನಮಗೆ ತಿಳಿಯದ್ದಲ್ಲ. ಮಕ್ಕಳಿಗೆ ತೆಲುಗು ಬೇಕು, ಇಂಗ್ಲಿಷು ಬೇಕು, ಉದ್ಯೋಗ ಬೇಕು. ನಮ್ಮ ತಂದೆಗಳಿಗೂ ಇದೇ ಚಿಂತೆಯಿತ್ತು. ಅವರ ಕಾಲದಲ್ಲಿ ಇಂಗ್ಲಿಷಿನ ಜಾಗದಲ್ಲಿ ಉರ್ದು ಇತ್ತು. ಅವರು ಎರಡನ್ನೂ ಬಿಡಲಿಲ್ಲ. ಆದ್ದರಿಂದ ಪೋಷಕರಲ್ಲಿ ನಮ್ಮ ಕೋರಿಕೆ ಇಷ್ಟೇ: ಬೇರೆ ನುಡಿಗಳನ್ನು ಅಗತ್ಯವಾಗಿ ಕಲಿಸಿರಿ, ಮೊದಲ ಅಕ್ಷರವನ್ನು ಮನೆಯ ನುಡಿಯಲ್ಲಿ ಬರೆಸಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ಕೋರಿಕೆ: ಶಾಲೆಯನ್ನು ನೆನೆಯುವುದರ ಜೊತೆಗೆ ಅದರ ಪುಸ್ತಕದ ಕಪಾಟು, ಕುಡಿಯುವ ನೀರು, ಮೇಲ್ಛಾವಣಿಗಳನ್ನು ವರ್ಷಕ್ಕೊಮ್ಮೆ ಬಂದು ನೋಡಿರಿ. ಶಿಕ್ಷಕರಲ್ಲಿ ಕೋರಿಕೆ: ಬಾರದ ಮಗುವಿನ ಮನೆಗೆ ಸಂಜೆ ಹೋಗಿ ವಿಚಾರಿಸುವ ಹಳೆಯ ಪದ್ಧತಿಯನ್ನು ಕೈಬಿಡಬೇಡಿರಿ, ಬೆತ್ತವನ್ನು ಮಾತ್ರ ನಮ್ಮ ಕಾಲದಲ್ಲಿಯೇ ಬಿಟ್ಟುಬಿಡಿರಿ.

ಜೂನ್ ತಿಂಗಳಲ್ಲಿ ದಾಖಲಾತಿ ಆರಂಭವಾಗುತ್ತದೆ. ಫಸಲಿ ಸನದಲ್ಲಿ ನಮ್ಮ ಹೆಸರುಗಳಿಂದ ತುಂಬಿದ್ದ ಆ ಪುಸ್ತಕದ ಸಾಲಿಗೆ ಈ ವರ್ಷವೂ ಕನಿಷ್ಠ ಹತ್ತು ಹೊಸ ಹೆಸರುಗಳು ಕನ್ನಡದಲ್ಲಿ ಸೇರಲಿ ಎಂದು ಹಾರೈಸುತ್ತೇವೆ.